ಥೈರಾಯ್ಡ್ ವರದಿ: ಒಂದೇ ಅಂಕಿ ನೋಡಿ ತೀರ್ಪು ಬೇಡ

ಮಗಳು ಪುಸ್ತಕ ಹಿಡಿದ ಹತ್ತು ನಿಮಿಷಕ್ಕೆ ತೂಕಡಿಸುತ್ತಾಳೆ. ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ ಎನ್ನುತ್ತಾಳೆ. ಉಳಿದವರು ಫ್ಯಾನ್ ಹಾಕಿಕೊಂಡು ಮಲಗುವ ಏಪ್ರಿಲ್ ತಿಂಗಳಲ್ಲೂ ಅವಳಿಗೆ ಹೊದಿಕೆ ಬೇಕು. ಮುಟ್ಟಿನಲ್ಲಿ ವಿಪರೀತ ಸ್ರಾವ, ಮಲಬದ್ಧತೆ, ಒರಟಾದ ಚರ್ಮ, ಬಾಚಿದರೆ ಕೈತುಂಬ ಕೂದಲು. ಮನೆಯವರು ಮೊದಲು ಇದನ್ನು ಸೋಮಾರಿತನ ಎನ್ನುತ್ತಾರೆ, ಆಮೇಲೆ ಪರೀಕ್ಷೆಯ ಭಯ ಎನ್ನುತ್ತಾರೆ. ಕೊನೆಗೆ ಯಾರೋ ನೆಂಟರು ‘ಒಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಿ ನೋಡಿ’ ಎಂದಾಗ ರಕ್ತ ಕೊಟ್ಟು ಬರುತ್ತಾರೆ. ಲ್ಯಾಬಿನಿಂದ ಒಂದು ಹಾಳೆ ಕೈಗೆ ಬರುತ್ತದೆ. ಅದರಲ್ಲಿ ಕೆಲವು ಅಂಕಿಗಳು. ಒಂದೆರಡು ಅಂಕಿಗಳು ದಪ್ಪ ಅಕ್ಷರದಲ್ಲಿ.

ಈ ಹಾಳೆಯನ್ನು ಓದುವಾಗ ಸಾಮಾನ್ಯವಾಗಿ ಎರಡು ತಪ್ಪುಗಳಾಗುತ್ತವೆ. ದಪ್ಪ ಅಕ್ಷರ ಕಂಡೊಡನೆ ಮಗುವಿಗೆ ಜೀವಮಾನದ ಕಾಯಿಲೆ ಬಂತೆಂದು ಕಂಗಾಲಾಗುವುದು ಒಂದು. ದಪ್ಪ ಅಕ್ಷರ ಇಲ್ಲದಿದ್ದರೆ ಎಲ್ಲವೂ ಸರಿಯಿದೆಯೆಂದು ಹಾಳೆಯನ್ನು ಮಡಿಚಿಡುವುದು ಇನ್ನೊಂದು. ಎರಡೂ ಸರಿಯಲ್ಲ. ಥೈರಾಯ್ಡ್ ವರದಿಯಲ್ಲಿ ಯಾವ ಅಂಕಿಗೂ ಒಂಟಿಯಾಗಿ ಅರ್ಥವಿಲ್ಲ. ಅದರ ಪಕ್ಕದ ಅಂಕಿ ಯಾವುದು, ರಕ್ತ ತೆಗೆದ ಹೊತ್ತು ಯಾವುದು, ರೋಗಿಯ ವಯಸ್ಸೆಷ್ಟು, ದೇಹದಲ್ಲಿ ಕಾಣುವ ಲಕ್ಷಣಗಳೇನು ಎಂಬುದನ್ನೆಲ್ಲ ಸೇರಿಸಿ ಓದಿದಾಗ ಮಾತ್ರ ಅದು ಮಾತಾಡುತ್ತದೆ. ಕೆಲವೊಮ್ಮೆ ಕಾರ್ಟಿಸಾಲ್ ಎಂಬ ಇನ್ನೊಂದು ಪರೀಕ್ಷೆಯ ಉತ್ತರ ಬರುವವರೆಗೆ ಥೈರಾಯ್ಡ್ ಮಾತ್ರೆಯನ್ನು ತಡೆಹಿಡಿಯಬೇಕಾಗುತ್ತದೆ.

ಇದು ಎಲ್ಲೋ ಅಪರೂಪಕ್ಕೆ ಬರುವ ಕಾಯಿಲೆಯಲ್ಲ. ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಸಮೀಕ್ಷೆಯೊಂದು 2013ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 11ರಷ್ಟು ಮಂದಿಗೆ ಥೈರಾಯ್ಡ್ ಕೊರತೆ ಇತ್ತು. ಕೊರತೆ ಇದ್ದವರ ಪೈಕಿ ಸುಮಾರು ಮೂರನೇ ಒಂದು ಭಾಗದವರಿಗೆ ತಮಗೆ ಹೀಗಿದೆ ಎಂಬುದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಮೇಷ್ಟರು ಮತ್ತು ವಿದ್ಯಾರ್ಥಿ

ಥೈರಾಯ್ಡ್ ಗ್ರಂಥಿ ಕತ್ತಿನ ಮುಂಭಾಗದಲ್ಲಿ, ಚಿಟ್ಟೆ ರೆಕ್ಕೆ ಬಿಚ್ಚಿ ಕುಳಿತಂತೆ ಇರುತ್ತದೆ. ಆಹಾರದಲ್ಲಿನ ಅಯೋಡಿನ್ ಬಳಸಿ ಅದು ತಯಾರಿಸುವ ಮುಖ್ಯ ಹಾರ್ಮೋನು ಥೈರಾಕ್ಸಿನ್. ಅದರ ಒಂದೊಂದು ಅಣುವಿನಲ್ಲೂ ನಾಲ್ಕು ಅಯೋಡಿನ್ ಪರಮಾಣುಗಳಿರುವುದರಿಂದ ವರದಿಯಲ್ಲಿ ಅದಕ್ಕೆ ಟಿ4 ಎಂಬ ಹೆಸರು. ಒಂದು ಪರಮಾಣು ಕಳಚಿಕೊಂಡರೆ ಅದು ಟಿ3. ದೇಹದ ಶಾಖ, ಹೃದಯದ ಬಡಿತ, ಕರುಳಿನ ಚಲನೆ, ಮಕ್ಕಳ ಎತ್ತರ, ಮಿದುಳಿನ ಚುರುಕು ಎಲ್ಲವೂ ಈ ಹಾರ್ಮೋನಿನ ಅಳತೆಯ ಮೇಲೆ ನಿಂತಿವೆ.

ಈ ಗ್ರಂಥಿ ತನ್ನಷ್ಟಕ್ಕೆ ತಾನೇ ಕೆಲಸ ಮಾಡುವುದಿಲ್ಲ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟೇ ಗಾತ್ರದ ಪಿಟ್ಯುಟರಿ ಗ್ರಂಥಿ ಅದಕ್ಕೆ ಮೇಲ್ವಿಚಾರಕ. ಪಿಟ್ಯುಟರಿ ಕಳಿಸುವ ಆಜ್ಞೆಯೇ ಟಿ.ಎಸ್.ಎಚ್. ಪಿಟ್ಯುಟರಿಯನ್ನು ಮೇಷ್ಟರೆಂದೂ ಥೈರಾಯ್ಡನ್ನು ವಿದ್ಯಾರ್ಥಿಯೆಂದೂ ಇಟ್ಟುಕೊಂಡರೆ ವರದಿ ಓದುವುದು ಸುಲಭವಾಗುತ್ತದೆ. ವಿದ್ಯಾರ್ಥಿ ಕೆಲಸ ಮಾಡದಿದ್ದರೆ ಮೇಷ್ಟರ ದನಿ ಏರುತ್ತದೆ, ಅಂದರೆ ಟಿ.ಎಸ್.ಎಚ್. ಹೆಚ್ಚುತ್ತದೆ. ವಿದ್ಯಾರ್ಥಿ ಹೇಳಿದ್ದಕ್ಕಿಂತ ಹೆಚ್ಚು ಕೆಲಸ ಮಾಡಿದರೆ ಮೇಷ್ಟರು ಸುಮ್ಮನಾಗುತ್ತಾರೆ, ಟಿ.ಎಸ್.ಎಚ್. ಇಳಿಯುತ್ತದೆ. ಆದ್ದರಿಂದಲೇ ಟಿ.ಎಸ್.ಎಚ್. ಹೆಚ್ಚಿದ್ದರೆ ಥೈರಾಯ್ಡ್ ಹೆಚ್ಚಾಗಿದೆ ಎಂದು ತಿಳಿಯುವುದು ತಪ್ಪು. ಅದರ ಅರ್ಥ ಹೆಚ್ಚಾಗಿ ತದ್ವಿರುದ್ಧವಾಗಿರುತ್ತದೆ.

ಮೇಷ್ಟರ ಕಿವಿ ಬಹಳ ಸೂಕ್ಷ್ಮ. ಟಿ4 ಸ್ವಲ್ಪವೇ ಇಳಿದರೂ ಟಿ.ಎಸ್.ಎಚ್. ಹಲವು ಪಟ್ಟು ಏರುತ್ತದೆ. ಹಾಗಾಗಿ ಗ್ರಂಥಿಯ ಸೋಲು ಮೊದಲು ಗೋಚರಿಸುವುದು ಟಿ.ಎಸ್.ಎಚ್.ನಲ್ಲಿ. ಟಿ3 ಮಾತ್ರ ಕೊನೆಯವರೆಗೂ ಸಹಜ ಮಟ್ಟದಲ್ಲೇ ಉಳಿಯಬಹುದು. ‘ಟಿ3 ಸರಿಯಿದೆ, ಆದ್ದರಿಂದ ಕೊರತೆ ಇಲ್ಲ’ ಎಂದುಕೊಳ್ಳುವಂತಿಲ್ಲ.

ವರದಿಯ ನಾಲ್ಕು ಬಗೆ

ವಯಸ್ಕರಲ್ಲಿ ಟಿ.ಎಸ್.ಎಚ್. ಸುಮಾರು 0.4ರಿಂದ 4ರವರೆಗೆ ಇದ್ದರೆ ಸಹಜ. ಫ್ರೀ ಟಿ4, ಅಂದರೆ ರಕ್ತದ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿ ಓಡಾಡುವ ಥೈರಾಕ್ಸಿನ್, ಒಂದು ಡೆಸಿಲೀಟರಿಗೆ ಸುಮಾರು 0.8ರಿಂದ 1.8 ನ್ಯಾನೋಗ್ರಾಂ. ಲ್ಯಾಬಿನಿಂದ ಲ್ಯಾಬಿಗೆ ಈ ಮಿತಿ ತುಸು ಬದಲಾಗುತ್ತದೆ. ಮಕ್ಕಳಲ್ಲಿ ವಯಸ್ಸಿಗೆ ತಕ್ಕಂತೆ ಬೇರೆಯೇ ಮಿತಿಗಳಿವೆ. ಚಿಕ್ಕ ಮಕ್ಕಳ ಟಿ.ಎಸ್.ಎಚ್. ದೊಡ್ಡವರಿಗಿಂತ ಸ್ವಲ್ಪ ಮೇಲಿರುವುದು ಸಹಜ. ಆದ್ದರಿಂದ ನೋಡಬೇಕಾದ್ದು ಆಯಾ ವರದಿಯಲ್ಲೇ ಅಚ್ಚಾಗಿರುವ ಮಿತಿಯನ್ನು. ಪಕ್ಕದ ಮನೆಯವರ ವರದಿಯನ್ನಲ್ಲ.

ಮೊದಲನೆಯ ಬಗೆ: ಟಿ.ಎಸ್.ಎಚ್. ಹೆಚ್ಚು, ಫ್ರೀ ಟಿ4 ಕಡಿಮೆ. ಇದು ಸ್ಪಷ್ಟವಾದ ಥೈರಾಯ್ಡ್ ಕೊರತೆ. ಅಯೋಡಿನ್ ಉಪ್ಪು ಬಳಕೆಯಲ್ಲಿರುವ ಕಡೆ ಇದಕ್ಕೆ ಬಹುಮುಖ್ಯ ಕಾರಣ, ದೇಹದ ರಕ್ಷಣಾ ಪಡೆಯೇ ತಪ್ಪು ತಿಳಿದು ತನ್ನದೇ ಗ್ರಂಥಿಯ ಮೇಲೆ ಬೀಳುವುದು. 1912ರಲ್ಲಿ ಜಪಾನಿನ ವೈದ್ಯ ಹಕಾರು ಹಾಶಿಮೊಟೊ ಇಂಥ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವರ್ಣಿಸಿದ್ದರಿಂದ ಕಾಯಿಲೆಗೆ ಅವರ ಹೆಸರೇ ನಿಂತಿದೆ. ವರದಿಯಲ್ಲಿ ‘ಆ್ಯಂಟಿ ಟಿ.ಪಿ.ಒ.’ ಎಂದು ಕಾಣುವುದು ಈ ದಾಳಿಯ ಗುರುತು.

ಎರಡನೆಯ ಬಗೆ: ಟಿ.ಎಸ್.ಎಚ್. ತುಸು ಹೆಚ್ಚು, ಫ್ರೀ ಟಿ4 ಸಹಜ. ಅತಿ ಹೆಚ್ಚು ಗೊಂದಲ ಹುಟ್ಟಿಸುವ ವರದಿ ಇದು. 5, 6, 7 ಎಂಬ ಅಂಕಿ ಕಂಡು ಮಾತ್ರೆಗೆ ಓಡುವವರಿದ್ದಾರೆ. ಜ್ವರ, ಬೇನೆಗಳಿಂದ ಚೇತರಿಸಿಕೊಳ್ಳುವಾಗಲೂ ಟಿ.ಎಸ್.ಎಚ್. ಹೀಗೆ ಏರಿ ತಾನಾಗಿ ಇಳಿಯಬಹುದು. ದಪ್ಪಗಿರುವ ಮಕ್ಕಳಲ್ಲಿ ಇಂಥ ಅಲ್ಪ ಏರಿಕೆ ಅನೇಕ ವೇಳೆ ತೂಕದ ಪರಿಣಾಮವೇ ಹೊರತು ತೂಕಕ್ಕೆ ಕಾರಣವಲ್ಲ. ತೂಕ ಇಳಿದರೆ ಅದೂ ಇಳಿಯುತ್ತದೆ. ಕೆಲವು ವಾರಗಳ ನಂತರ ಮತ್ತೆ ಪರೀಕ್ಷಿಸಿ ನೋಡುವುದೇ ಇಲ್ಲಿ ಜಾಣತನ. ಟಿ.ಎಸ್.ಎಚ್. ಎರಡನೆಯ ಸಲವೂ 10ನ್ನು ದಾಟಿದ್ದರೆ, ಮಗುವಿನ ಎತ್ತರ ನಿಂತಿದ್ದರೆ, ಆ್ಯಂಟಿ ಟಿ.ಪಿ.ಒ. ಬಹಳ ಇದ್ದರೆ, ಗರ್ಭಿಣಿಯಾಗಿದ್ದರೆ ವೈದ್ಯರ ಲೆಕ್ಕಾಚಾರ ಬದಲಾಗುತ್ತದೆ.

ಮೂರನೆಯ ಬಗೆ: ಫ್ರೀ ಟಿ4 ಕಡಿಮೆ, ಆದರೆ ಟಿ.ಎಸ್.ಎಚ್. ಸಹಜ ಅಥವಾ ಕಡಿಮೆ. ವಿದ್ಯಾರ್ಥಿ ಕೆಲಸ ನಿಲ್ಲಿಸಿದ್ದಾನೆ, ಮೇಷ್ಟರು ಗದರಿಸುತ್ತಲೇ ಇಲ್ಲ. ಹಾಗಾದರೆ ದನಿ ಕಳೆದುಕೊಂಡಿರುವವರು ಮೇಷ್ಟರೇ ಇರಬೇಕು. ತೀವ್ರ ಕಾಯಿಲೆಯಲ್ಲಿ ತಾತ್ಕಾಲಿಕವಾಗಿಯೂ ಹೀಗಾಗುವುದುಂಟು. ಅದಲ್ಲವಾದರೆ ತೊಂದರೆ ಪಿಟ್ಯುಟರಿಯಲ್ಲಿದೆ ಎಂದರ್ಥ. ಬರೀ ಟಿ.ಎಸ್.ಎಚ್. ಒಂದನ್ನೇ ಪರೀಕ್ಷಿಸಿದರೆ ಈ ರೋಗಿ ‘ಸಹಜ’ ಎಂಬ ಚೀಟಿ ಹಿಡಿದು ಮನೆಗೆ ಹೋಗಿಬಿಡುವ ಸಂಭವವಿದೆ.

ನಾಲ್ಕನೆಯ ಬಗೆ: ಟಿ.ಎಸ್.ಎಚ್. ಕಡಿಮೆ, ಫ್ರೀ ಟಿ4 ಹೆಚ್ಚು. ಇದು ಗ್ರಂಥಿಯ ಅತಿಚಟುವಟಿಕೆ. ಈಗಾಗಲೇ ಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಾದರೆ ಪ್ರಮಾಣ ಹೆಚ್ಚಾಗಿದೆ ಎಂಬ ಸೂಚನೆ.

ಅದೇ ಮೇಷ್ಟರ ಇನ್ನೊಬ್ಬ ವಿದ್ಯಾರ್ಥಿ

ಪಿಟ್ಯುಟರಿ ಪಾಠ ಹೇಳುವುದು ಥೈರಾಯ್ಡ್ ಒಂದಕ್ಕೇ ಅಲ್ಲ. ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆ ಇಟ್ಟಂತೆ ಕುಳಿತಿರುವ ಅಡ್ರೀನಲ್ ಗ್ರಂಥಿಗಳೂ ಅದರ ಅಧೀನದಲ್ಲಿವೆ. ಅವು ತಯಾರಿಸುವ ಕಾರ್ಟಿಸಾಲ್ ಆಪತ್ಕಾಲದ ಹಾರ್ಮೋನು. ಜ್ವರ, ಪೆಟ್ಟು, ಶಸ್ತ್ರಚಿಕಿತ್ಸೆ, ಉಪವಾಸ ಇಂಥ ಸಂದರ್ಭಗಳಲ್ಲಿ ರಕ್ತದ ಒತ್ತಡವೂ ಸಕ್ಕರೆಯೂ ಕುಸಿಯದಂತೆ ಹಿಡಿದು ನಿಲ್ಲಿಸುವುದು ಇದೇ.

ಕಾರ್ಟಿಸಾಲ್ ದಿನವಿಡೀ ಒಂದೇ ಮಟ್ಟದಲ್ಲಿರುವುದಿಲ್ಲ. ಬೆಳಗ್ಗೆ ಏಳುವ ಹೊತ್ತಿಗೆ ತುತ್ತತುದಿಯಲ್ಲಿದ್ದು, ಹೊತ್ತು ಏರಿದಂತೆ ಇಳಿಯುತ್ತ, ನಡುರಾತ್ರಿಯ ಹೊತ್ತಿಗೆ ತಳ ಸೇರುತ್ತದೆ. ಆದ್ದರಿಂದ ಕೊರತೆಯ ಅನುಮಾನವಿದ್ದಾಗ ರಕ್ತವನ್ನು ಬೆಳಗ್ಗೆ 8ರ ಸುಮಾರಿಗೆ ಕೊಡಬೇಕು. ಸಂಜೆ 4 ಗಂಟೆಗೆ 4 ಮೈಕ್ರೋಗ್ರಾಂ ಇದ್ದರೆ ಅದು ಸಹಜವಾಗಿರಬಹುದು. ಬೆಳಗ್ಗೆ 8 ಗಂಟೆಗೆ ಅದೇ 4 ಬಂದರೆ ಯೋಚಿಸಬೇಕಾದ ವಿಷಯ. ಸಾಮಾನ್ಯವಾಗಿ ಬೆಳಗಿನ ಕಾರ್ಟಿಸಾಲ್ ಒಂದು ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕೊರತೆಯ ಸಂಶಯ ಬಲವಾಗುತ್ತದೆ. 15ರಿಂದ 18ಕ್ಕಿಂತ ಮೇಲಿದ್ದರೆ ಕೊರತೆಯ ಸಂಭವ ಬಹಳ ಕಡಿಮೆ. ನಡುವಿನ ಅಂಕಿಗಳು ಹೌದೆಂದೂ ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ. ಆಗ ಪಿಟ್ಯುಟರಿಯ ಆಜ್ಞೆಯನ್ನು ಹೋಲುವ ಔಷಧವನ್ನು ಸೂಜಿಯ ಮೂಲಕ ಕೊಟ್ಟು, ಅರ್ಧ ಗಂಟೆ, ಒಂದು ಗಂಟೆಯ ನಂತರ ಕಾರ್ಟಿಸಾಲ್ ಏರುತ್ತದೆಯೇ ಎಂದು ನೋಡುತ್ತಾರೆ.

ಕೆಲವು ಲ್ಯಾಬುಗಳು ಇದನ್ನೇ ನ್ಯಾನೋಮೋಲ್ ಅಳತೆಯಲ್ಲಿ ಕೊಡುತ್ತವೆ. ಅಲ್ಲಿ 10 ಮೈಕ್ರೋಗ್ರಾಂ ಎಂಬುದು 276 ಎಂದು ಕಾಣುತ್ತದೆ. ಅಳತೆ ನೋಡದೆ ಹಳೆಯ ವರದಿಗೂ ಹೊಸ ವರದಿಗೂ ಹೋಲಿಸಿದರೆ ಎದೆ ಧಸಕ್ಕೆನ್ನುವುದು ಖಂಡಿತ.

ಮೊದಲು ಯಾವ ಮಾತ್ರೆ?

ಥೈರಾಯ್ಡ್ ಕೊರತೆಗೆ ಕಾರ್ಟಿಸಾಲ್ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಬಹುಪಾಲು ರೋಗಿಗಳಿಗೆ ಬೇಕಾಗಿಲ್ಲ. ಬೇಕಾದ ಕೆಲವರಿಗೆ ಮಾತ್ರ ಅದು ಪ್ರಾಣದ ಪ್ರಶ್ನೆ.

ಸಣ್ಣ ಧಾರೆಯ ನಲ್ಲಿಯ ಕೆಳಗೆ ಒಂದು ತೊಟ್ಟಿ ಇದೆಯೆನ್ನಿ. ತೊಟ್ಟಿಯ ತಳದಲ್ಲಿ ನೀರು ಹೋಗುವ ತೂತೂ ಸಣ್ಣದು. ಬರುವ ನೀರು ಕಡಿಮೆಯಿದ್ದರೂ ಹೋಗುವ ನೀರೂ ಕಡಿಮೆಯಾದ್ದರಿಂದ ತೊಟ್ಟಿ ಬರಿದಾಗುವುದಿಲ್ಲ. ಥೈರಾಯ್ಡ್ ಸೋತಾಗ ದೇಹದ ಎಲ್ಲ ಕೆಲಸವೂ ನಿಧಾನವಾಗುತ್ತದೆ. ಕಾರ್ಟಿಸಾಲನ್ನು ಒಡೆದು ಹೊರಹಾಕುವ ಕೆಲಸವೂ ಅದರಲ್ಲಿ ಸೇರಿದೆ. ಅಡ್ರೀನಲ್ ಕೂಡ ಸೋತಿರುವ ವ್ಯಕ್ತಿ ಇದ್ದಬದ್ದ ಅಲ್ಪಸ್ವಲ್ಪ ಕಾರ್ಟಿಸಾಲಿನಲ್ಲೇ ಹೇಗೋ ದಿನ ದೂಡುತ್ತಿರುತ್ತಾನೆ. ಅವನಿಗೆ ಥೈರಾಕ್ಸಿನ್ ಮಾತ್ರ ಕೊಟ್ಟರೆ ತಳದ ತೂತನ್ನು ದೊಡ್ಡದು ಮಾಡಿದಂತೆ. ಮೇಲಿನ ಧಾರೆ ಹೆಚ್ಚುವುದಿಲ್ಲ, ತೊಟ್ಟಿ ಬರಿದಾಗುತ್ತದೆ. ವಾಂತಿ, ಹೊಟ್ಟೆನೋವು, ವಿಪರೀತ ನಿಶ್ಶಕ್ತಿ ಕಾಣಿಸಿಕೊಂಡು, ರಕ್ತದೊತ್ತಡ ಕುಸಿದು, ಪ್ರಜ್ಞೆ ತಪ್ಪಬಹುದು. ಕೂಡಲೇ ಹೈಡ್ರೋಕಾರ್ಟಿಸೋನ್ ಸೂಜಿಮದ್ದು ಸಿಗದಿದ್ದರೆ ಜೀವಕ್ಕೇ ಅಪಾಯ. ಆದ್ದರಿಂದಲೇ ಎರಡೂ ಕೊರತೆ ಇದ್ದಾಗ ಮೊದಲು ಕಾರ್ಟಿಸಾಲನ್ನು ತುಂಬಿಕೊಟ್ಟು, ಆಮೇಲೆ ಥೈರಾಕ್ಸಿನ್ ಆರಂಭಿಸುವುದು ವೈದ್ಯಶಾಸ್ತ್ರದ ನಿಯಮ.

ಇನ್ನೊಂದು ಸೂಕ್ಷ್ಮವೂ ಇದೆ. ಕಾರ್ಟಿಸಾಲ್ ಕೊರತೆಯಿಂದಲೇ ಟಿ.ಎಸ್.ಎಚ್. ಸ್ವಲ್ಪ ಏರಬಹುದು. ಕಾರ್ಟಿಸಾಲ್ ಕೊಟ್ಟ ಮೇಲೆ ಅದು ತಾನಾಗಿ ಇಳಿದು, ಥೈರಾಯ್ಡ್ ಮಾತ್ರೆಯೇ ಬೇಡವಾದ ಸಂದರ್ಭಗಳುಂಟು.

ಎರಡು ಗ್ರಂಥಿ, ಒಂದು ಇತಿಹಾಸ

ಈ ಎರಡು ಹಾರ್ಮೋನುಗಳ ಇತಿಹಾಸವೂ ಹೆಣೆದುಕೊಂಡಿದೆ. ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ ಅಡ್ರೀನಲ್ ಸೋಲಿನ ಕಾಯಿಲೆಯನ್ನು 1855ರಲ್ಲಿ ವರ್ಣಿಸಿದರು. ಇಂದಿಗೂ ಅದು ಅಡಿಸನ್ ಕಾಯಿಲೆ. ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸಾಯನ ವಿಜ್ಞಾನಿ ಎಡ್ವರ್ಡ್ ಕೆಂಡಾಲ್ 1914ರ ಕ್ರಿಸ್ಮಸ್ ದಿನ ಥೈರಾಕ್ಸಿನ್ನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅದೇ ಕೆಂಡಾಲ್ ಮುಂದೆ ಅಡ್ರೀನಲ್ ಹಾರ್ಮೋನುಗಳ ಬೆನ್ನುಹತ್ತಿ, ಆ ಕೆಲಸಕ್ಕಾಗಿ 1950ರ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಡನೆ ಹಂಚಿಕೊಂಡರು.

ಎರಡೂ ಗ್ರಂಥಿಗಳು ಒಬ್ಬನಲ್ಲೇ ಸೋತದ್ದಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿ. 1947ರಲ್ಲಿ, 30ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಕಾಯಿಲೆ ಬಿದ್ದಾಗ ಅವರಿಗೆ ಅಡಿಸನ್ ಕಾಯಿಲೆ ಇರುವುದು ಪತ್ತೆಯಾಯಿತು. 1955ರಲ್ಲಿ ಥೈರಾಯ್ಡ್ ಕೊರತೆಯೂ ಗೊತ್ತಾಯಿತು. ಅವರ ಸೋದರಿ ಯೂನಿಸ್ ಅವರಿಗೂ ಅಡಿಸನ್ ಕಾಯಿಲೆ ಇತ್ತು. ದೇಹದ ರಕ್ಷಣಾ ಪಡೆ ಒಂದಕ್ಕಿಂತ ಹೆಚ್ಚು ಗ್ರಂಥಿಗಳ ಮೇಲೆ ಬೀಳುವ ಈ ಪ್ರವೃತ್ತಿ ಕುಟುಂಬಗಳಲ್ಲಿ ಸಾಗಿಬರುತ್ತದೆ. ಎರಡೂ ಹಾರ್ಮೋನುಗಳನ್ನು ಔಷಧವಾಗಿ ತೆಗೆದುಕೊಳ್ಳುತ್ತಲೇ ಕೆನಡಿ 1961ರಲ್ಲಿ ಅಧ್ಯಕ್ಷರಾದರು. ಕಾಯಿಲೆ ಗುರುತಿಸಲ್ಪಟ್ಟು ಕ್ರಮವಾಗಿ ಔಷಧ ಸಿಕ್ಕರೆ ಬದುಕು ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಯಾರಿಗೆ ಕಾರ್ಟಿಸಾಲ್ ಪರೀಕ್ಷೆ?

ಥೈರಾಯ್ಡ್ ಕೊರತೆಯಲ್ಲಿ ತೂಕ ಸಾಮಾನ್ಯವಾಗಿ ಸ್ವಲ್ಪ ಏರುತ್ತದೆ. ಟಿ.ಎಸ್.ಎಚ್. ಹೆಚ್ಚಿದ್ದೂ ಮಗು ಸೊರಗುತ್ತಿದ್ದರೆ ಅದೊಂದು ಎಚ್ಚರಿಕೆಯ ಗಂಟೆ. ಅಂಗೈ ಗೆರೆಗಳು, ವಸಡು, ಹಳೆಯ ಗಾಯದ ಕಲೆಗಳು ಕಪ್ಪಾಗುವುದು, ಎದ್ದು ನಿಂತರೆ ತಲೆಸುತ್ತು, ಪದೇ ಪದೇ ವಾಂತಿ, ಬರೀ ಉಪ್ಪನ್ನೇ ನೆಕ್ಕಬೇಕೆನಿಸುವುದು, ರಕ್ತದಲ್ಲಿ ಸೋಡಿಯಂ ಇಳಿಯುವುದು ಇವು ಅಡ್ರೀನಲ್ ಸೋಲಿನ ಕುರುಹುಗಳು. ಇನ್ಸುಲಿನ್ ತೆಗೆದುಕೊಳ್ಳುವ ಮಗುವಿಗೆ ಕಾರಣವಿಲ್ಲದೆ ಸಕ್ಕರೆ ಮತ್ತೆ ಮತ್ತೆ ಕುಸಿಯುತ್ತಿದ್ದರೂ ಈ ಅನುಮಾನ ಬರಬೇಕು.

ವರದಿ ಮೂರನೆಯ ಬಗೆಯದಾಗಿದ್ದರೆ ಕಾರ್ಟಿಸಾಲ್ ನೋಡದೆ ಮುಂದುವರಿಯುವಂತಿಲ್ಲ. ಪಿಟ್ಯುಟರಿಯಲ್ಲಿ ಗಡ್ಡೆ, ತಲೆಗೆ ಬಿದ್ದ ಬಲವಾದ ಪೆಟ್ಟು ಇದಕ್ಕೆ ಕಾರಣವಾಗಬಹುದು. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ, ಎದೆಹಾಲು ಬಾರದೆ, ಮುಟ್ಟು ಮರಳದೆ, ವರ್ಷಗಟ್ಟಲೆ ‘ಬಾಣಂತನ ಸರಿಯಾಗಲಿಲ್ಲ’ ಎಂಬ ಮಾತು ಕೇಳಿಕೊಂಡೇ ನಿತ್ರಾಣರಾಗಿರುವ ತಾಯಂದಿರಲ್ಲೂ ಪಿಟ್ಯುಟರಿ ಸೋತಿರಬಹುದು. ಗದ್ದೆ ಬಯಲುಗಳಲ್ಲಿ ಓಡಾಡುವ ಕೊಳಕುಮಂಡಲದ ಕಡಿತವೂ ಪಿಟ್ಯುಟರಿಯನ್ನು ಹಾಳುಮಾಡಬಲ್ಲದು. ದಕ್ಷಿಣ ಭಾರತದಲ್ಲೂ ಮ್ಯಾನ್ಮಾರಿನಲ್ಲೂ ಇಂಥ ರೋಗಿಗಳನ್ನು ವೈದ್ಯರು ಕಂಡಿದ್ದಾರೆ. ಹಾವು ಕಚ್ಚಿ ಬದುಕಿ ಉಳಿದವರು ತಿಂಗಳುಗಳ ನಂತರವೂ ಚೇತರಿಸಿಕೊಳ್ಳದಿದ್ದರೆ ಆ ಕಡಿತದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಸ್ಟೀರಾಯ್ಡ್ ಔಷಧಗಳನ್ನು ದೀರ್ಘಕಾಲ ಬಳಸಿದವರಲ್ಲೂ ಅಡ್ರೀನಲ್ ಮಲಗಿಬಿಡುತ್ತದೆ. ಮಾತ್ರೆಯಷ್ಟೇ ಅಲ್ಲ, ಮುಖ ಬೆಳ್ಳಗಾಗಲೆಂದು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಹಚ್ಚುವ ಸ್ಟೀರಾಯ್ಡ್ ಮುಲಾಮು, ಹೆಸರಿಲ್ಲದ ನೋವಿನ ಪುಡಿ ಇವೂ ಈ ಪಟ್ಟಿಯಲ್ಲಿವೆ. ಆಸ್ತಮಾ ಇನ್ಹೇಲರನ್ನು ಮಾತ್ರ ಈ ಹೆದರಿಕೆಯಿಂದ ಬಿಡಬಾರದು. ಯಾವ ಸ್ಟೀರಾಯ್ಡನ್ನೂ ತಾನಾಗಿ ಹಠಾತ್ತನೆ ನಿಲ್ಲಿಸಬಾರದು.

ಈ ಯಾವ ಸೂಚನೆಯೂ ಇಲ್ಲದೆ, ಬರೀ ದಣಿವೆಂದು ಕಾರ್ಟಿಸಾಲ್ ಪರೀಕ್ಷೆ ಮಾಡಿಸುವುದರಿಂದ ಲಾಭಕ್ಕಿಂತ ಗಾಬರಿಯೇ ಹೆಚ್ಚು. ಒತ್ತಡದಿಂದ ‘ಅಡ್ರೀನಲ್ ದಣಿದಿದೆ’ ಎಂದು ಹೇಳಿ ಪುಡಿ, ಮಾತ್ರೆ ಮಾರುವವರಿದ್ದಾರೆ. ಅಂಥದೊಂದು ರೋಗವನ್ನು ವೈದ್ಯಶಾಸ್ತ್ರ ಒಪ್ಪಿಲ್ಲ.

ರಕ್ತ ಕೊಡುವ ಮುನ್ನ

ಕೂದಲು ಉದುರುವುದಕ್ಕೆಂದು ಅನೇಕ ವಿದ್ಯಾರ್ಥಿಗಳು ನುಂಗುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳ ಲೆಕ್ಕವನ್ನೇ ಕೆಡಿಸುತ್ತದೆ. ಟಿ.ಎಸ್.ಎಚ್. ಇರುವುದಕ್ಕಿಂತ ಕಡಿಮೆಯಾಗಿಯೂ ಟಿ4 ಮತ್ತು ಕಾರ್ಟಿಸಾಲ್ ಹೆಚ್ಚಾಗಿಯೂ ಕಾಣಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಈ ಬಗ್ಗೆ ಎಚ್ಚರಿಸಿತು. ವೈದ್ಯರಿಗೆ ತಿಳಿಸಿ, ಕನಿಷ್ಠ ಎರಡು ದಿನ ಮುಂಚೆ ಅದನ್ನು ನಿಲ್ಲಿಸುವುದು ಒಳ್ಳೆಯದು. ಗರ್ಭನಿರೋಧಕ ಮಾತ್ರೆಗಳಲ್ಲಿರುವ ಈಸ್ಟ್ರೋಜನ್ ಕಾರ್ಟಿಸಾಲ್ ಅಂಕಿಯನ್ನು ಹೆಚ್ಚಿಸಿ ತೋರಿಸುತ್ತದೆ. ರಾತ್ರಿ ಪಾಳಿ ಮಾಡುವವರ ದೇಹದ ಗಡಿಯಾರವೇ ಬೇರೆಯಾದ್ದರಿಂದ ಅದನ್ನೂ ಹೇಳಬೇಕು. ಪ್ರತಿ ಸಲವೂ ಅದೇ ಲ್ಯಾಬಿನಲ್ಲಿ, ಅದೇ ಹೊತ್ತಿನಲ್ಲಿ ರಕ್ತ ಕೊಟ್ಟರೆ ಹೋಲಿಕೆ ಸುಲಭ.

ಥೈರಾಕ್ಸಿನ್ ಆರಂಭಿಸಿದವರು ಪರೀಕ್ಷೆಯ ದಿನ ರಕ್ತ ಕೊಟ್ಟ ನಂತರ ಮಾತ್ರೆ ನುಂಗಲಿ. ಉಳಿದ ದಿನಗಳಲ್ಲಿ ಬರೀ ಹೊಟ್ಟೆಯಲ್ಲಿ ನೀರಿನೊಡನೆ ತೆಗೆದುಕೊಂಡು, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಬೇಕು. ರಕ್ತದಲ್ಲಿನ ಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಹಿಡಿಯುತ್ತದೆ. ಹೊಸ ಪ್ರಮಾಣ ದೇಹದಲ್ಲಿ ನೆಲೆಗೊಳ್ಳಲು ಆರರಿಂದ ಎಂಟು ವಾರ ಬೇಕು. ಹತ್ತೇ ದಿನಕ್ಕೆ ಮತ್ತೆ ಪರೀಕ್ಷಿಸಿ ‘ಮಾತ್ರೆ ಹಿಡಿಯಲಿಲ್ಲ’ ಎಂದು ನಿರಾಶರಾಗುವುದು ಹಣಕ್ಕೂ ಮನಸ್ಸಿಗೂ ದಂಡ.

ತಂದೆತಾಯಿಯರು ವರದಿಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿ ಇಟ್ಟುಕೊಳ್ಳಬೇಕು. ಅದರ ಜೊತೆಗೆ ಮಗುವಿನ ಎತ್ತರ ಮತ್ತು ತೂಕವನ್ನು ಆರು ತಿಂಗಳಿಗೊಮ್ಮೆ ಬರೆದಿಡಬೇಕು. ಬೆಳೆಯುವ ವಯಸ್ಸಿನಲ್ಲಿ ಎತ್ತರ ನಿಂತುಹೋಗಿರುವುದು ಎಷ್ಟೋ ಸಲ ಥೈರಾಯ್ಡ್ ಕೊರತೆಯ ಮೊದಲ ಸುಳಿವು. ಅದಕ್ಕೆ ಲ್ಯಾಬೂ ಬೇಡ, ಗೋಡೆಯ ಮೇಲೆ ಎಳೆದ ಪೆನ್ಸಿಲ್ ಗೆರೆ ಸಾಕು. ವೈದ್ಯರ ಮುಂದೆ ಕುಳಿತಾಗ ‘ಟಿ.ಎಸ್.ಎಚ್. ಜೊತೆ ಫ್ರೀ ಟಿ4 ನೋಡಿದ್ದೀರಾ? ಮಾತ್ರೆ ಶುರುಮಾಡುವ ಮುಂಚೆ ಕಾರ್ಟಿಸಾಲ್ ನೋಡುವ ಕಾರಣ ಏನಾದರೂ ಇದೆಯಾ? ಮುಂದಿನ ಪರೀಕ್ಷೆ ಯಾವಾಗ?’ ಎಂಬ ಮೂರು ಪ್ರಶ್ನೆಗಳನ್ನು ಕೇಳಲು ಸಂಕೋಚ ಬೇಡ. ಹಾಗೆಯೇ ಮಾತ್ರೆ ಹಿಡಿದು ಮಗು ಚೇತರಿಸಿಕೊಳ್ಳಲು ಬೇಕಾಗುವ ಆ ಎರಡು ಮೂರು ತಿಂಗಳು, ಅದನ್ನು ಸೋಮಾರಿ ಎಂದು ಕರೆಯುವುದನ್ನು ಮನೆಯವರೂ ಶಾಲೆಯವರೂ ನಿಲ್ಲಿಸಿದರೆ ಅರ್ಧ ಚಿಕಿತ್ಸೆ ಆದಂತೆ.